ನೀಳವ್ವ ಪೊರೆ ಕಳಚಿದ್ದು

ಹೊನ್ನೆಗುಡ್ಡದ ತಪ್ಪಲಲ್ಲಿ ಒಂದು ಕುರುಚಲು ಕಾಡಿತ್ತು. ಕಾರೆ, ಬೋರೆ, ತಂಗಡಿ ಗಿಡಗಳೇ ಅಲ್ಲಿ ಹೆಚ್ಚು. ನೆರಳು ಕೊಡುವ ಮರ ಬೇಕೆಂದರೆ ಅಲ್ಲೊಂದು ಇಲ್ಲೊಂದು ಹೊಂಗೆ. ನಡುವೆ ಆನೆಗಳು ಮಲಗಿದಂತೆ ದೊಡ್ಡ ದೊಡ್ಡ ಬಂಡೆಗಳು. ಆ ಬಂಡೆಗಳ ಮಧ್ಯೆ ಒಂದು ದೊಣೆ. ಮಳೆಗಾಲದಲ್ಲಿ ಆ ಕಲ್ಲುಗುಳಿಯಲ್ಲಿ ತುಂಬಿಕೊಂಡ ನೀರು ಬೇಸಿಗೆಯ ಕೊನೆಯವರೆಗೂ ಬತ್ತುತ್ತಿರಲಿಲ್ಲ.

ಆ ಕಾಡಿನಲ್ಲಿ ನೀಳವ್ವ ಎಂಬ ಕೇರೆಹಾವು ಇದ್ದಳು. ಹೆಸರಿಗೆ ತಕ್ಕಂತೆ ನಾಲ್ಕು ಮೊಳ ಉದ್ದ. ಬಿಸಿಲು ಬಿದ್ದರೆ ಜೇನುತುಪ್ಪದ ಬಣ್ಣಕ್ಕೆ ಹೊಳೆಯುವ ಮೈ.

ಮಕ್ಕಳೇ, ಕೇರೆಹಾವಿಗೆ ವಿಷವಿಲ್ಲ. ಅದಕ್ಕಿರುವುದು ಎರಡೇ ಬಲ. ಒಂದು ಚುರುಕು ಕಣ್ಣು, ಇನ್ನೊಂದು ಚುರುಕು ಓಟ. ನೀಳವ್ವನಿಗೆ ಎರಡೂ ಧಾರಾಳವಾಗಿದ್ದವು. ಆದರೆ ಓಟದ ಚುರುಕು ಅವಳ ಸ್ವಭಾವಕ್ಕೂ ಅಂಟಿಕೊಂಡುಬಿಟ್ಟಿತ್ತು. ಯಾವ ಕೆಲಸವಾದರೂ ಈಗಲೇ ಆಗಬೇಕು, ಈ ಕ್ಷಣವೇ ಮುಗಿಯಬೇಕು. ತಡ ಎಂಬ ಮಾತು ಕೇಳಿದರೇ ಅವಳಿಗೆ ಬಾಲ ತುರಿಸುತ್ತಿತ್ತು.

ಆ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ಅವಳ ಹೊಟ್ಟೆಯಲ್ಲಿ ಮೊಟ್ಟೆಗಳು ಮೂಡತೊಡಗಿದ್ದವು. ಅದೇ ವಾರ ಓತಿಕ್ಯಾತ ಗೋಣಪ್ಪ ಒಂದು ಕೆಟ್ಟ ಸುದ್ದಿ ತಂದ.

“ಕೇಳಿದೆಯಾ ನೀಳವ್ವ?” ಬೋರೆ ಗಿಡದ ಕೊಂಬೆಯ ಮೇಲೆ ತಲೆಯಾಡಿಸುತ್ತ ಅವನು ಹೇಳಿದ. “ಹಳ್ಳದ ಆಚೆಯಿಂದ ಕೆಂಜ ಬಂದಿದ್ದಾನೆ. ಮುಂಗುಸಿ ಕೆಂಜ! ಮೂರೇ ದಿನದಲ್ಲಿ ಎರಡು ನೀರೊಳ್ಳೆ ಹಾವುಗಳನ್ನು ಮುಗಿಸಿದ್ದಾನೆ.”

“ಹಾಗಾದರೆ ನಾನು ಇಲ್ಲಿರಬಾರದು. ಗುಡ್ಡದ ಆಚೆ ಮಗ್ಗುಲಿಗೆ ಹೋಗಿ ಮೊಟ್ಟೆ ಇಡುತ್ತೇನೆ,” ಎಂದಳು ನೀಳವ್ವ.

“ಮತ್ತೆ ಹೋಗು. ಕಾಯುವುದು ಯಾಕೆ?”

“ಕಣ್ಣು ಮಂಜಾಗುತ್ತಿದೆಯಪ್ಪ. ಪೊರೆ ಬಿಡುವ ಕಾಲ ಬಂತು.”

ಪೊರೆ ಎಂದರೇನು ಗೊತ್ತೇ? ಹಾವಿನ ಮೈ ಬೆಳೆಯುತ್ತದೆ, ಹೊರತೊಗಲು ಮಾತ್ರ ಬೆಳೆಯುವುದಿಲ್ಲ. ಕೆಳಗೆ ಹೊಸ ತೊಗಲು ಸಿದ್ಧವಾದಾಗ, ಹಾವು ಹಳೆಯದನ್ನು ಕಾಲುಚೀಲ ಬಿಚ್ಚಿದಂತೆ ಒಳಹೊರಗು ಮಾಡಿ ಕಳಚಿಹಾಕುತ್ತದೆ. ಅದೇ ಪೊರೆ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ತೆಳು ಮುಚ್ಚಳವಿರುತ್ತದೆ. ಪೊರೆ ಬಿಡುವ ಮೊದಲು ಆ ಮುಚ್ಚಳ ಹಾಲುಬಣ್ಣಕ್ಕೆ ತಿರುಗಿ ಕಣ್ಣು ಮಸುಕಾಗುತ್ತದೆ. ಪೊರೆಯ ಜೊತೆಗೆ ಮುಚ್ಚಳವೂ ಕಳಚಿಕೊಂಡರೆ ಸರಿ. ಇಲ್ಲದಿದ್ದರೆ ಕಷ್ಟ.

ಪ್ರತಿ ಸಲ ಈ ಹೊತ್ತಿಗೆ ನೀಳವ್ವ ಬಂಡೆ ಇಳಿದು, ದೊಣೆಯ ಪಕ್ಕದ ತಂಪು ಬೇರುಗಳ ಸಂದಿಗೆ ಹೋಗಿ ಸುಮ್ಮನೆ ಮಲಗುತ್ತಿದ್ದಳು. ಈ ಸಲ ಅವಳಿಗೆ ಅಷ್ಟು ವ್ಯವಧಾನ ಇರಲಿಲ್ಲ.

‘ತಂಪಿನಲ್ಲಿ ಮಲಗಿದರೆ ಹತ್ತು ದಿನ ಬೇಕು. ಬಿಸಿಲಿಗೆ ಬಿದ್ದ ಎಲೆ ಒಂದೇ ದಿನದಲ್ಲಿ ಒಣಗಿ ಉದುರುತ್ತದೆ. ನನ್ನ ಪೊರೆಯೂ ಹಾಗೆಯೇ ಉದುರಲಿ’ ಎಂದುಕೊಂಡು, ಅವಳು ಎಲ್ಲಕ್ಕಿಂತ ಎತ್ತರದ ಬಂಡೆಯ ಬಿರುಕಿನಲ್ಲಿ ಸೇರಿಕೊಂಡಳು. ಹಗಲೆಲ್ಲ ಬಂಡೆ ಕಾದ ಹೆಂಚಿನಂತೆ ಸುಡುತ್ತಿತ್ತು. ಬಿಸಿಗಾಳಿ ಬಿರುಕಿನೊಳಗೆ ನುಗ್ಗಿ ಆಚೆ ಹೋಗುತ್ತಿತ್ತು. ನೀರಿಗೂ ಇಳಿಯದೆ ಅವಳು ಕಾದಳು.

ಆರನೆಯ ದಿನ ಪೊರೆ ಬಿಟ್ಟಿತು. ಆದರೆ ಇಡಿಯಾಗಿ ಅಲ್ಲ. ಮೂತಿಯ ಹತ್ತಿರ ಒಂದು ಚೂರು, ಬೆನ್ನಿನ ಮೇಲೆ ಅಂಗೈಯಗಲ, ಮತ್ತೆ ಎಲ್ಲೋ ಒಂದು ಪಟ್ಟಿ. ಉಳಿದದ್ದು ಹಪ್ಪಳದಂತೆ ಒಣಗಿ ಮೈಗೆ ಕಚ್ಚಿಕೊಂಡಿತು. ಕಣ್ಣಿನ ಮುಚ್ಚಳಗಳು ಅಲುಗಲಿಲ್ಲ. ಬಾಲದ ತುದಿಗೆ ಹತ್ತಿರ ಹಳೆ ತೊಗಲು ಬಿಗಿಯಾದ ಉಂಗುರದಂತೆ ಸುತ್ತಿಕೊಂಡು ನಿಂತಿತು.

ನೀಳವ್ವನಿಗೆ ಪ್ರಪಂಚವೆಲ್ಲ ಮಂಜಿನಲ್ಲಿ ಅದ್ದಿದಂತೆ ಕಾಣುತ್ತಿತ್ತು. ತಡಕಾಡುತ್ತ ಕೆಳಗಿಳಿದು ಬೋರೆ ಗಿಡದ ಬಳಿ ಬಂದಳು.

“ಗೋಣಪ್ಪ, ಇದೇನಾಯಿತು ನೋಡು!”

“ಇಷ್ಟೇನಾ?” ಗೋಣಪ್ಪ ನಕ್ಕ. “ನನ್ನದೂ ಹೀಗೇ ಚೂರುಚೂರಾಗಿ ಬರುತ್ತದೆ. ನಾನು ಕೈಯಿಂದ ಕೆರೆದು, ಬಾಯಿಂದ ಎಳೆದು ತಿಂದೇ ಬಿಡುತ್ತೇನೆ. ನಿನಗೆ ಕೈಯಿಲ್ಲ ನಿಜ, ಮುಳ್ಳು ಇದೆಯಲ್ಲ? ಗಿಡಕ್ಕೆ ಮೈ ಉಜ್ಜು. ಕಿತ್ತುಕೊಂಡು ಬರುತ್ತದೆ.”

ಗೋಣಪ್ಪ ಸುಳ್ಳು ಹೇಳಲಿಲ್ಲ. ಅವನ ಮಟ್ಟಿಗೆ ಅದು ಸರಿಯೇ. ಆದರೆ ಓತಿಕ್ಯಾತನ ಮೈ ಬೇರೆ, ಹಾವಿನ ಮೈ ಬೇರೆ. ಅದನ್ನು ಯೋಚಿಸಲು ಒಂದು ಗಳಿಗೆ ನಿಂತಿದ್ದರೆ ಸಾಕಿತ್ತು. ನೀಳವ್ವ ನಿಲ್ಲಲಿಲ್ಲ. ಕಾರೆ ಗಿಡದ ಬುಡಕ್ಕೆ ಹೋಗಿ ರಭಸದಿಂದ ಮೈ ಉಜ್ಜಿದಳು. ಒಣ ಪೊರೆ ಚರಚರ ಹರಿಯಿತು. ಅದರ ಜೊತೆಗೆ ಇನ್ನೂ ಗಟ್ಟಿಯಾಗದ ಹೊಸ ತೊಗಲೂ ಹರಿಯಿತು. ಬೆನ್ನಿನ ಮೇಲೆ ಮೂರು ಕಡೆ ರಕ್ತ ಒಸರಿತು.

“ಅಯ್ಯೋ!” ಎಂದು ಅವಳು ಸುರುಳಿ ಸುತ್ತಿಕೊಂಡಳು.

“ಅಷ್ಟು ಜೋರಾಗಿ ಅಂತ ನಾನು ಹೇಳಲಿಲ್ಲಮ್ಮ,” ಎಂದ ಗೋಣಪ್ಪ ಮೇಲಿನ ಕೊಂಬೆಗೆ ಜಿಗಿದುಬಿಟ್ಟ.

ಆಗಲಾದರೂ ನೀಳವ್ವ ಸುಮ್ಮನೆ ಕೂತು ಯೋಚಿಸಿದಳೇ? ಇಲ್ಲ. ‘ಒಣಗಿದ್ದಕ್ಕೆ ತಾನೇ ಹೀಗಾದದ್ದು? ಹಾಗಾದರೆ ನೆನೆಯಬೇಕು. ಎಷ್ಟು ಹೆಚ್ಚು ನೆನೆದರೆ ಅಷ್ಟು ಬೇಗ ವಾಸಿ’ ಎಂದುಕೊಂಡು ನೇರವಾಗಿ ದೊಣೆಗೆ ಹೋದಳು. ಅಂಚಿನ ಕೆಸರಿನಲ್ಲಿ ಮೂಗು ಮಾತ್ರ ಹೊರಗಿಟ್ಟು ಹೂತುಕೊಂಡಳು. ಒಂದು ದಿನ ಹಿತವಾಗಿತ್ತು. ಅಂಟಿದ್ದ ಚೂರುಗಳಲ್ಲಿ ಕೆಲವು ಮೆತ್ತಗಾಗಿ ತೇಲಿಹೋದವು. ‘ನೋಡಿದೆಯಾ!’ ಎಂದುಕೊಂಡು ಅವಳು ಏಳಲೇ ಇಲ್ಲ. ಎಂಟು ದಿನ ಹಾಗೆಯೇ ಇದ್ದಳು.

ಒಂಬತ್ತನೆಯ ದಿನ ಹೊಟ್ಟೆಯ ಕೆಳಗೆ ಉರಿ ಶುರುವಾಯಿತು. ಮೇಲೆ ಬಂದಾಗ ಹೊಟ್ಟೆಯ ಅಗಲ ಹುರುಪೆಗಳ ಮೇಲೆಲ್ಲ ನೀರುಗುಳ್ಳೆಗಳು. ಕೆಲವು ಒಡೆದು ಕಂದುಬಣ್ಣಕ್ಕೆ ತಿರುಗಿದ್ದವು. ಅವಳ ಮೈಯಿಂದ ಕೊಳೆತ ಎಲೆಯ ವಾಸನೆ ಬರುತ್ತಿತ್ತು.

ದೊಣೆಯ ದಂಡೆಯ ಕಲ್ಲಿನ ಮೇಲೆ ನೀಳವ್ವ ಉದ್ದಕ್ಕೆ ಬಿದ್ದುಕೊಂಡಳು. ಕಣ್ಣು ಕಾಣದು. ಬೆನ್ನು ಗಾಯ, ಹೊಟ್ಟೆ ಹುಣ್ಣು. ಬಾಲದ ತುದಿ ಮರಗಟ್ಟಿದೆ. ಈಗ ಕೆಂಜ ಬಂದರೆ ಓಡುವುದಿರಲಿ, ಅವನು ಯಾವ ಕಡೆಯಿಂದ ಬಂದ ಎನ್ನುವುದೂ ತಿಳಿಯದು. ಹೊಟ್ಟೆಯೊಳಗಿನ ಮೊಟ್ಟೆಗಳನ್ನು ನೆನೆದು ಅವಳಿಗೆ ಮೊದಲ ಸಲ ನಿಜವಾದ ಭಯವಾಯಿತು.

“ಮುಗಿಯಿತೇ ನಿನ್ನ ಸ್ನಾನ?”

ಧ್ವನಿ ಕಲ್ಲಿನ ಸಂದಿಯಿಂದ ಬಂತು. ನೀಳವ್ವ ನಾಲಗೆ ಚಾಚಿ ಗಾಳಿಯ ರುಚಿ ನೋಡಿದಳು. ನೆಲಗಪ್ಪೆ! ಅದೂ ಚೆನ್ನಾಗಿ ಬಲಿತದ್ದು.

“ಯಾರು?”

“ನಾನು ಬೊಕ್ಕಣ್ಣ. ಆ ಹೊಂಗೆ ಮರದ ಬುಡದಲ್ಲಿ ನನ್ನ ಮನೆ. ಎಂಟು ದಿನದಿಂದ ನೋಡುತ್ತಿದ್ದೇನೆ. ಇಷ್ಟು ಹೊತ್ತು ನೀರಲ್ಲಿರುವುದು ನೀರಿನ ಹಾವಿಗೂ ಕಷ್ಟ ತಾಯಿ. ನಾನು ಕಪ್ಪೆ, ನಾನೇ ಇರುವುದಿಲ್ಲ.”

“ನೋಡಿ ನಗುವುದಕ್ಕೆ ಬಂದೆಯಾ?”

“ನಗುವವನಾಗಿದ್ದರೆ ದೂರದಲ್ಲೇ ನಿಂತು ನಗುತ್ತಿದ್ದೆ. ಹತ್ತಿರ ಬರುತ್ತಿರಲಿಲ್ಲ,” ಎಂದ ಬೊಕ್ಕಣ್ಣ. “ನನ್ನ ಜೀವನವೆಲ್ಲ ಮೈಯ ತೇವ ಕಾಪಾಡಿಕೊಳ್ಳುವುದರಲ್ಲೇ ಕಳೆದಿದೆ. ಅದೊಂದು ವಿದ್ಯೆ ನನಗೆ ಗೊತ್ತು. ನಿನ್ನ ಮೈ ವಾಸಿಯಾಗುತ್ತದೆ. ಗಾಯವಾದ ಹಾವು ಬೇಗ ಇನ್ನೊಂದು ಪೊರೆ ಬಿಡುತ್ತದೆ. ಸುಮಾರು ಒಂದು ತಿಂಗಳು. ಆ ಸಲ ಸರಿಯಾಗಿ ಬಿಟ್ಟರೆ ಕಣ್ಣಿನ ಮುಚ್ಚಳವೂ ಹೋಗುತ್ತದೆ, ಉಂಗುರವೂ ಹೋಗುತ್ತದೆ. ಆದರೆ ನನಗೂ ಒಂದು ಕೆಲಸ ಆಗಬೇಕು.”

“ಹೇಳು.”

“ನಿನಗೆ ಕಣ್ಣು ಹೋದ ಮೇಲೆ ಹೆಗ್ಗಣಗಳಿಗೆ ಹಬ್ಬ. ನನ್ನ ಹೊಂಗೆಯ ಬುಡವನ್ನು ದಿನಾ ತೋಡುತ್ತಿವೆ. ಅಲ್ಲೆಲ್ಲ ಬಿಸಿಗಾಳಿ ನುಗ್ಗಿದರೆ ನಾನು ಒಣಗಿ ಸತ್ತೆ. ನೀನು ಅಲ್ಲಿ ಬಂದು ಇರು, ಅವು ಬರುವುದಿಲ್ಲ. ಇನ್ನೊಂದು ಮಾತು. ನನ್ನನ್ನು ತಿನ್ನಬಾರದು. ಈಗಲ್ಲ, ಎಂದಿಗೂ.”

ನೀಳವ್ವ ಕೇಳಿದಳು, “ಒಂದು ತಿಂಗಳೇ? ಇನ್ನೂ ಬೇಗ ಆಗುವ ದಾರಿ ಇಲ್ಲವೇ?”

“ಬೇಗ ಆಗುವ ದಾರಿ ಎರಡನ್ನೂ ನೀನು ನೋಡಿಯಾಯಿತಲ್ಲ!”

ಆ ಮಾತು ನೀಳವ್ವನಿಗೆ ಮುಳ್ಳಿಗಿಂತ ಆಳವಾಗಿ ಚುಚ್ಚಿತು. ಆದರೆ ಅವಳು ಸಿಟ್ಟಾಗಲಿಲ್ಲ. “ಸರಿ,” ಎಂದಳು. “ನಿನ್ನ ಮೈ ಮುಟ್ಟುವುದಿಲ್ಲ. ನೀನು ಹೇಳಿದಂತೆ ಮಾಡುತ್ತೇನೆ. ನನ್ನ ಮೊಟ್ಟೆಗಳು ಉಳಿಯಬೇಕು.”

ಹೊಂಗೆಯ ಬುಡದಲ್ಲಿ ಬೇರುಗಳ ನಡುವೆ ಒಂದು ಪೊಟರೆ ಇತ್ತು. ಅದಕ್ಕೆ ಎರಡು ಬಾಯಿ. ಒಂದು ದೊಣೆಯ ಕಡೆಗೆ, ಇನ್ನೊಂದು ಹಿಂದೆ ಬಂಡೆಯ ಕಡೆಗೆ. ಬೊಕ್ಕಣ್ಣ ಮೊದಲ ದಿನವೇ ಅದನ್ನು ಎರಡು ಭಾಗ ಮಾಡಿಸಿದ.

“ಬಲಗಡೆ ಹೊಂಗೆ ಎಲೆ, ಪಾಚಿ ಹಾಸು. ಅದು ತೇವದ ಕೋಣೆ. ಎಡಗಡೆ ಒಣ ಮರಳು. ಅದು ಒಣ ಕೋಣೆ. ನಿನ್ನ ಹೊಟ್ಟೆಯ ಹುಣ್ಣು ಮಾಯುವ ತನಕ ಹೆಚ್ಚು ಹೊತ್ತು ಮರಳಿನ ಮೇಲೆ ಇರು. ಬೆನ್ನು ಬಿಗಿದಂತಾದಾಗ ಎಲೆಯ ಕಡೆಗೆ ಹೋಗು. ಯಾವಾಗ ಎಲ್ಲಿರಬೇಕು ಎಂದು ನಿನ್ನ ಮೈಯೇ ಹೇಳುತ್ತದೆ. ಅದರ ಮಾತು ಕೇಳುವ ತಾಳ್ಮೆ ಬೇಕು, ಅಷ್ಟೇ.”

“ಎಲೆಗೆ ನೀರು ಎಲ್ಲಿಂದ?”

“ದೊಣೆಗೆ ಹೋಗಿ ಒಂದು ಮುಳುಗು ಹಾಕು, ನೀರು ಕುಡಿ, ಬಂದು ಎಲೆಯ ಮೇಲೆ ಒಂದು ಸಲ ಉರುಳು. ಆಮೇಲೆ ಮರಳಿನ ಮೇಲೆ ಹೊಟ್ಟೆ ಒರೆಸಿಕೋ. ದಿನಕ್ಕೆ ಒಂದೇ ಸಲ.”

ನೀಳವ್ವ ಮೊದಲ ಮೂರು ದಿನ ಹಾಗೆಯೇ ಮಾಡಿದಳು. ನಾಲ್ಕನೆಯ ದಿನ ಹಳೆಯ ಸ್ವಭಾವ ತಲೆ ಎತ್ತಿತು. ಒಂದು ಸಲದಿಂದ ಇಷ್ಟು ಹಿತವಾದರೆ ಮೂರು ಸಲದಿಂದ ಎಷ್ಟಾಗಬಹುದು ಎಂದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ತಂದಳು. ಎರಡೇ ದಿನದಲ್ಲಿ ಎಲೆಗಳ ಕೆಳಗೆ ಬಿಳಿ ಬೂಷ್ಟು ಹಿಡಿಯಿತು.

ಬೊಕ್ಕಣ್ಣ ಮೂಸಿ ನೋಡಿದವನೇ ಕೆಂಡವಾದ.

“ಯಾರು ಹೇಳಿದ್ದು ಮೂರು ಸಲ ಅಂತ? ಎಲೆ ಮುಟ್ಟಿದರೆ ತಣ್ಣಗಿರಬೇಕು, ಒತ್ತಿದರೆ ನೀರು ಒಸರಬಾರದು. ಇದನ್ನು ಒತ್ತಿ ನೋಡು, ಕೆರೆ! ಎತ್ತಿ ಹೊರಗೆ ಹಾಕು ಎಲ್ಲವನ್ನೂ. ಹಿಂದಿನ ಬಾಯಿಗೆ ಮಣ್ಣು ಅಡ್ಡ ಬಿದ್ದಿದೆ, ಅದನ್ನೂ ತೆಗೆ. ಗಾಳಿ ಆಡಲಿ.”

ಕಣ್ಣು ಕಾಣದ ನೀಳವ್ವ ಒಂದೊಂದೇ ಎಲೆಯನ್ನು ಬಾಯಲ್ಲಿ ಕಚ್ಚಿ ಹೊರಗೆ ಹಾಕಿದಳು. ಮಧ್ಯಾಹ್ನವೆಲ್ಲ ಅದೇ ಕೆಲಸ. ಹೊಸ ಎಲೆಗಳನ್ನು ಹಾಗೆಯೇ ಒಂದೊಂದಾಗಿ ಒಳಗೆ ತಂದಳು. ಹಿಂದಿನ ಬಾಯಿಯ ಮಣ್ಣನ್ನು ಮೂತಿಯಿಂದ ತಳ್ಳಿದಳು. ಕತ್ತು ನೋಯುತ್ತಿತ್ತು. ಒಂದು ಸಲವೂ ‘ಸಾಕು’ ಎನ್ನಲಿಲ್ಲ. ಅಂದಿನಿಂದ ದಿನವೂ ಬೆಳಿಗ್ಗೆ ಗಲ್ಲದಿಂದ ಎಲೆಗಳನ್ನು ಒತ್ತಿ ನೋಡುವುದನ್ನು ಅಭ್ಯಾಸ ಮಾಡಿಕೊಂಡಳು. ಹೆಚ್ಚು ಒದ್ದೆಯಿದ್ದರೆ ಅಂದು ದೊಣೆಗೆ ಹೋಗುತ್ತಿರಲಿಲ್ಲ. ಬಿಸಿಗಾಳಿ ಜೋರಾಗಿದ್ದರೆ ಮಾತ್ರ ಎರಡು ಸಲ ಹೋಗಿಬರುತ್ತಿದ್ದಳು.

ಹೆಗ್ಗಣಗಳು ಒಮ್ಮೆ ಬಂದವು. ಮೂರು ಒಟ್ಟಿಗೆ. ಬೇರಿನ ಬುಡ ಕೆರೆಯುವ ಸದ್ದಿಗೆ ನೀಳವ್ವ ಕತ್ತು ಉಬ್ಬಿಸಿ ಒಳಗಿನಿಂದ ಗುರ್ ಎಂದಳು. ಅವಳಿಗೆ ಅವು ಕಾಣುತ್ತಿರಲಿಲ್ಲ. ಆದರೆ ಅದು ಅವಕ್ಕೆ ಗೊತ್ತಿರಲಿಲ್ಲವಲ್ಲ! ಒಂದರ ಮೇಲೊಂದು ಬಿದ್ದು ಓಡಿದವು. ಬೊಕ್ಕಣ್ಣ ಹೊಟ್ಟೆ ಕುಣಿಸುತ್ತ ನಕ್ಕ. ಅಪರೂಪಕ್ಕೆ ನೀಳವ್ವನೂ ನಕ್ಕಳು.

ಹಸಿವಿನ ದಿನಗಳು ಮಾತ್ರ ಕಷ್ಟದವು. ಪೊರೆಯ ಕಾಲ ಅಲ್ಲದಾಗ ಹಾವಿಗೆ ಹಸಿವು ಹಸಿವೇ. ಬೇಟೆಯಾಡಲು ಕಣ್ಣಿಲ್ಲ. ಮೊಟ್ಟೆ ಹೊತ್ತ ಹೊಟ್ಟೆ ಬೇರೆ. ಒಂದು ವಾರವಿಡೀ ಏನೂ ಸಿಗದಿದ್ದಾಗ, ಒಂದು ದಿನ ಬೊಕ್ಕಣ್ಣ ಅವಳ ಮೂತಿಯ ಮುಂದೆಯೇ ಕುಪ್ಪಳಿಸಿ ಹೋದ. ಅವಳ ಬಾಯಿ ತಾನಾಗಿ ತೆರೆಯಿತು. ಅವಳು ಬಾಯಿ ಮುಚ್ಚಿ, ತಲೆಯನ್ನು ತನ್ನದೇ ಸುರುಳಿಯ ಕೆಳಗೆ ಹುದುಗಿಸಿಕೊಂಡಳು.

“ಬೊಕ್ಕಣ್ಣ, ಇವತ್ತು ಸ್ವಲ್ಪ ದೂರ ಇರು,” ಎಂದಳು.

ಬೊಕ್ಕಣ್ಣ ಗಕ್ಕನೆ ನಿಂತ. ಎರಡು ಕುಪ್ಪಳಿಕೆಯಲ್ಲಿ ದೂರ ಸರಿದ. ಮಾರನೆಯ ಬೆಳಿಗ್ಗೆ ದೊಣೆಯ ಅಂಚಿನಲ್ಲಿ ಸತ್ತು ಬಿದ್ದಿದ್ದ ಮರಿಹೆಗ್ಗಣ ಎಲ್ಲಿದೆ ಎಂದು ಹೇಳಿ, ಅವಳು ಅದನ್ನು ನುಂಗುವ ತನಕ ಕಲ್ಲಿನ ಮೇಲೆ ಕಾವಲು ಕೂತ.

ದಿನಗಳು ಕಳೆದವು. ಹೊಂಗೆಯ ಹೂ ಉದುರಿ ಪೊಟರೆಯ ಬಾಯಿಯಲ್ಲಿ ರಾಶಿ ಬಿತ್ತು. ಹೊಟ್ಟೆಯ ಗುಳ್ಳೆಗಳು ಒಣಗಿ ಹಕ್ಕಳೆ ಕಟ್ಟಿದವು. ಬೆನ್ನಿನ ಗಾಯ ಮುಚ್ಚಿತು. ಬಾಲದ ತುದಿ ಮಾತ್ರ ಕಪ್ಪಾಗಿ ಕಡ್ಡಿಯಂತೆ ಒಣಗಿತ್ತು.

“ಅದು ಉಳಿಯುತ್ತದೆಯೇ?” ಎಂದು ಒಂದು ದಿನ ನೀಳವ್ವ ಕೇಳಿದಳು.

ಬೊಕ್ಕಣ್ಣ ಸುಳ್ಳು ಹೇಳಲಿಲ್ಲ. “ಇಲ್ಲ. ಉಂಗುರ ಬಿಗಿದು ಬಹಳ ದಿನವಾಯಿತು. ತುದಿ ಸತ್ತಿದೆ. ಆದರೆ ಅದರ ಈಚೆಗಿನದು ಬದುಕಿದೆ.”

ನೀಳವ್ವ ಬಾಲವನ್ನು ಮೆಲ್ಲಗೆ ಸುರುಳಿಯೊಳಗೆ ಎಳೆದುಕೊಂಡಳು. “ಉಳಿದದ್ದು ಉಳಿಯಲಿ. ಇವತ್ತು ಎಲೆ ಸ್ವಲ್ಪ ಒಣಗಿದೆ, ನೀರಿಗೆ ಹೋಗಿಬರುತ್ತೇನೆ,” ಎಂದು ಹೊರಟಳು.

ಇಪ್ಪತ್ತೈದನೆಯ ದಿನ ಅವಳ ಮೈ ಬಣ್ಣಗೆಟ್ಟಿತು. ಹೊಳಪೆಲ್ಲ ಹೋಗಿ ಬೂದಿ ಬಳಿದಂತಾಯಿತು. ಹೊಟ್ಟೆಯ ಹುರುಪೆಗಳು ಹಾಲಿನಂತೆ ಬೆಳ್ಳಗಾದವು. ಮೈಯೆಲ್ಲ ಬಿಗಿದು ತುರಿಸತೊಡಗಿತು.

“ಬಂತು! ಪೊರೆ ಬಂತು! ಈಗಲೇ ಬೇರಿಗೆ ಉಜ್ಜಲೇ?”

“ಮೂತಿ ಒಳಗಿಡು,” ಎಂದ ಬೊಕ್ಕಣ್ಣ. “ಹಾಲುಬಣ್ಣ ಹೋಗಿ ಮೈ ಮತ್ತೆ ತಿಳಿಯಾಗಬೇಕು. ತಿಳಿಯಾದ ಮೇಲೂ ಮೂರು ನಾಲ್ಕು ದಿನ ಕಾಯಬೇಕು. ಹಳೆಯದಕ್ಕೂ ಹೊಸದಕ್ಕೂ ನಡುವೆ ತೇವ ಇಳಿಯುತ್ತಿರುವ ಹೊತ್ತು ಇದು. ಈಗ ಎಳೆದರೆ ಮತ್ತೆ ಕಾರೆ ಮುಳ್ಳಿನ ಕತೆಯೇ.”

ಆ ದಿನಗಳು ನೀಳವ್ವನ ಜೀವನದಲ್ಲೇ ಅತಿ ಉದ್ದದ ದಿನಗಳು. ತುರಿಕೆ ತಡೆಯಲಾಗದಿದ್ದಾಗ ಅವಳು ತೇವದ ಎಲೆಗಳ ನಡುವೆ ಹೊಕ್ಕು, ಹೊಟ್ಟೆಯೊಳಗೆ ಮೊಟ್ಟೆಗಳು ಒಂದರ ಪಕ್ಕ ಒಂದು ಕೂತಿರುವುದನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಬಾಲ ಬಡಿಯುತ್ತಿರಲಿಲ್ಲ. ಬೇರಿಗೆ ಮೈ ತಾಗಿಸುತ್ತಿರಲಿಲ್ಲ. ‘ನಾನು ಕಾಯುತ್ತೇನೆ, ಕಾಯಲೇಬೇಕು’ ಎಂದು ಹಲ್ಲು ಕಚ್ಚಿ ಮಲಗುತ್ತಿದ್ದಳು.

ಮೈ ತಿಳಿಯಾಯಿತು. ಒಂದು ದಿನ, ಎರಡು ದಿನ, ಮೂರು ದಿನ ಕಳೆದವು. ನಾಲ್ಕನೆಯ ದಿನ ಬಿಸಿಲು ಏರುವ ಹೊತ್ತಿಗೆ ತುಟಿಯ ಅಂಚಿನಲ್ಲಿ ಹಳೆ ತೊಗಲು ತಾನಾಗಿ ಸಡಿಲಾಯಿತು.

“ಈಗ,” ಎಂದ ಬೊಕ್ಕಣ್ಣ.

ದೊಣೆಯ ಕಡೆಯ ಬಾಯಿಯಲ್ಲಿ ಒಂದು ಒರಟು ಬೇರಿತ್ತು. ನೀಳವ್ವ ಅದಕ್ಕೆ ಮೂತಿ ತಾಗಿಸಿ ಮೆಲ್ಲಗೆ ಒತ್ತಿದಳು. ತುಟಿಯ ಪೊರೆ ಹಿಂದಕ್ಕೆ ಮಡಚಿಕೊಂಡಿತು. ಅದರ ಅಂಚು ಬೇರಿನ ಸಿಬಿರಿಗೆ ಸಿಕ್ಕಿಕೊಂಡಿತು. ಅವಳು ತಲೆ ತಿರುಗಿಸಿ ಪೊಟರೆಯ ಒಳಕ್ಕೆ ಹರಿಯತೊಡಗಿದಳು. ನೆತ್ತಿಯ ಮೇಲಿನಿಂದ ಪೊರೆ ನಯವಾಗಿ ಜಾರುತ್ತಿತ್ತು.

ಆಗಲೇ ಬೊಕ್ಕಣ್ಣ ಪಿಸುಗುಟ್ಟಿದ. “ನೀಳವ್ವ, ಕೆಂಜ! ದೊಣೆಯ ಆಚೆ ದಂಡೆಯ ಮೇಲೆ ಮೂಸುತ್ತಿದ್ದಾನೆ. ಈ ಕಡೆಗೇ ಬರುತ್ತಿದ್ದಾನೆ.”

ನೀಳವ್ವನ ಮೈಯ ಪ್ರತಿ ಎಲುಬೂ ‘ಓಡು’ ಎಂದು ಕೂಗಿತು. ಅರ್ಧ ಕಳಚಿದ ಪೊರೆಯನ್ನು ಎಳೆದುಕೊಂಡು ಕುರುಡಿಯಂತೆ ಬಂಡೆಯ ಮೇಲೆ ಓಡಿದರೆ? ಪೊರೆ ಮತ್ತೆ ಹರಿಯುತ್ತದೆ, ಕಣ್ಣಿನ ಮುಚ್ಚಳ ಉಳಿಯುತ್ತದೆ. ನಾಲ್ಕು ಹೆಜ್ಜೆಯಲ್ಲಿ ಕೆಂಜ ಹಿಡಿಯುತ್ತಾನೆ.

“ಎಷ್ಟು ದೂರ?” ಎಂದು ಕೇಳಿದಳು.

“ದೊಣೆ ಸುತ್ತಿ ಬರಬೇಕು.”

“ಹಾಗಾದರೆ ಹೊತ್ತಿದೆ. ನೀನು ಬೇರಿನ ಕೆಳಗೆ ಹೋಗು.”

ಅವಳು ಓಡಲಿಲ್ಲ. ಉಸಿರು ಬಿಗಿಹಿಡಿದು, ಇದ್ದ ವೇಗದಲ್ಲೇ, ಮುಂದಕ್ಕೆ ಹರಿದಳು. ಎಡಗಣ್ಣಿನ ಮೇಲೆ ಏನೋ ಚಿಟ್ಟೆಂದು ಬಿಟ್ಟಿತು. ಬೆಳಕು! ಆಮೇಲೆ ಬಲಗಣ್ಣು. ಒಂದು ತಿಂಗಳಿಗೂ ಹೆಚ್ಚು ಕಾಲ ಕಾಣದಿದ್ದ ಬೇರು, ಎಲೆ, ಮರಳಿನ ಕಣ ಎಲ್ಲವೂ ತೊಳೆದಿಟ್ಟಂತೆ ಕಂಡವು. ತೇವದ ಎಲೆಗಳ ಮೇಲೆ ಮೈ ಜಾರುತ್ತಿತ್ತು. ಕತ್ತು, ಬೆನ್ನು, ಹೊಟ್ಟೆ, ಒಂದಾದ ಮೇಲೊಂದು ಪೊರೆಯಿಂದ ಹೊರಬಂದವು. ಹಿಂದಿನ ಬಾಯಿಯಿಂದ ತಲೆ ಹೊರಗೆ ಹೋಯಿತು. ಬಾಲ ಇನ್ನೂ ಒಳಗಿತ್ತು.

ಕೆಂಜ ಮುಂದಿನ ಬಾಯಿಯ ಬಳಿ ಬಂದ. ಹಾವಿನ ವಾಸನೆ ಅವನ ಮೂಗಿಗೆ ಬಡಿಯಿತು. ಬೇರಿನಿಂದ ಒಳಕ್ಕೆ ಉದ್ದಕ್ಕೂ ಒಂದು ಹಾವು ಮಲಗಿದೆ! ಹಿಂದಿನ ಬಾಯಿಯಿಂದ ಬಂದ ಗಾಳಿಗೆ ಅದು ಉಬ್ಬಿ ಅಲುಗಿತು.

“ಸಿಕ್ಕಿದೆಯಾ!” ಎಂದು ಕೆಂಜ ಎಗರಿ ಅದರ ತಲೆಯನ್ನೇ ಕಚ್ಚಿದ.

ಬಾಯಿಗೆ ಬಂದದ್ದು ಬರೀ ತೊಗಲು. ತೇವವಿದ್ದ ಪೊರೆ ಅವನ ಮೂತಿಗೆ, ಕಣ್ಣಿಗೆ, ಮುಂಗಾಲಿಗೆ ಅಂಟಿಕೊಂಡಿತು. ಅವನು ಸೀನಿದ. ಉರುಳಾಡಿದ. ಕೆರೆದುಕೊಂಡಷ್ಟೂ ಸುತ್ತಿಕೊಂಡಿತು. ಒಂದೇ ಒಂದು ಕಡೆಯೂ ಹರಿಯದ, ನಾಲ್ಕು ಮೊಳ ಉದ್ದದ ಪೊರೆ ಅದು!

ಅವನ ಎಳೆತಕ್ಕೆ ಬಾಲದ ತುದಿಯ ಉಂಗುರವೂ ಸತ್ತ ತುದಿಯೂ ಪೊರೆಯ ಜೊತೆಗೇ ಕಳಚಿಹೋದವು. ನೀಳವ್ವನಿಗೆ ಚುರುಕ್ಕೆಂದಿತು. ಅವಳು ಹಿಂತಿರುಗಿ ನೋಡಲಿಲ್ಲ. ಈಗ ಓಡುವ ಹೊತ್ತು. ಹೊಸ ಕಣ್ಣು ದಾರಿ ತೋರಿಸುತ್ತಿತ್ತು. ಹೊಸ ಮೈ ಬಂಡೆಯ ಮೇಲೆ ನೀರಿನಂತೆ ಹರಿಯಿತು. ಕೆಂಜ ಮುಖ ಬಿಡಿಸಿಕೊಂಡು ತಲೆ ಎತ್ತುವ ಹೊತ್ತಿಗೆ ಅವಳು ಗುಡ್ಡದ ನೆತ್ತಿ ದಾಟಿದ್ದಳು.

ಕೆಂಜ ಎರಡು ದಿನ ಹೊಂಗೆಯ ಸುತ್ತ ಮೂಸುತ್ತ ಅಲೆದ. ಅಲ್ಲಿದ್ದದ್ದು ಹಾವಿನ ವಾಸನೆಯಷ್ಟೇ. ಒಂದು ಸಲ ಬೊಕ್ಕಣ್ಣನನ್ನು ಕಚ್ಚಿ ಹಿಡಿದ. ನೆಲಗಪ್ಪೆಯ ಬೆನ್ನಿನ ಬೊಕ್ಕೆಗಳಿಂದ ಒಸರುವ ಕಹಿ ಬಾಯಿಗೆ ತಾಗಿದ್ದೇ ಉಗುಳಿಬಿಟ್ಟ. ಮೂರನೆಯ ದಿನ ಅವನು ಹಳ್ಳದ ಕೆಳಗಿನ ಹೊಲಗಳ ಕಡೆಗೆ ಇಲಿ ಹುಡುಕಿಕೊಂಡು ಹೊರಟುಹೋದ.

ಗುಡ್ಡದ ಆಚೆ ಮಗ್ಗುಲಲ್ಲಿ ನೀಳವ್ವ ಮೊಟ್ಟೆ ಇಡಲು ಜಾಗ ಹುಡುಕಿದಳು. ಮೊಟ್ಟೆಗಳು ಭಾರವಾಗಿದ್ದವು, ಅವಸರವಿತ್ತು. ಮೊದಲ ಹುತ್ತದೊಳಗೆ ಹೊಕ್ಕು ಮಣ್ಣಿಗೆ ಗಲ್ಲ ಒತ್ತಿ ನೋಡಿದಳು. ಪುಡಿಪುಡಿ ಒಣ. ಹೊರಗೆ ಬಂದಳು. ಎರಡನೆಯದು ಬಂಡೆಯ ಜಿನುಗಿನ ಪಕ್ಕ. ಗಲ್ಲ ಒತ್ತಿದರೆ ನೀರು ಒಸರಿತು. ಅದನ್ನೂ ಬಿಟ್ಟಳು. ಮೂರು ದಿನ ಹುಡುಕಿದಳು. ಕೊನೆಗೆ ಹಳೆಯ ಆಲದ ಬುಡದಲ್ಲಿ ಒಂದು ಹುತ್ತ ಸಿಕ್ಕಿತು. ಮಣ್ಣು ತಣ್ಣಗಿತ್ತು, ಒತ್ತಿದರೆ ಒದ್ದೆಯಾಗಲಿಲ್ಲ, ಮೇಲಿನ ಕಿಂಡಿಯಿಂದ ಗಾಳಿ ಆಡುತ್ತಿತ್ತು.

ಅಲ್ಲಿ ಅವಳು ಹನ್ನೊಂದು ಮೊಟ್ಟೆ ಇಟ್ಟಳು. ಅವುಗಳ ಸುತ್ತ ಸುರುಳಿ ಸುತ್ತಿ, ಎರಡು ತಿಂಗಳು ಅಲುಗದೆ ಕಾದಳು. ಒಂದು ಮೊಟ್ಟೆಯೂ ಒಣಗಲಿಲ್ಲ, ಒಂದೂ ಕೊಳೆಯಲಿಲ್ಲ. ಮುಂಗಾರಿನ ನಡುವೆ ಒಂದು ಬೆಳಿಗ್ಗೆ ಹನ್ನೊಂದು ಪುಟ್ಟ ಮೂತಿಗಳು ಚಿಪ್ಪು ಸೀಳಿ, ಒಂದಾದ ಮೇಲೊಂದು, ತಮ್ಮ ಹೊತ್ತಿಗೆ ತಾವೇ ಹೊರಗೆ ಬಂದವು.

ನೀತಿ: ವಾಸಿಯಾಗುವ ಮೈಗೆ ಬೇಕಾದದ್ದು ಅವಸರವಲ್ಲ, ಹದ. ಅದನ್ನು ದಿನವೂ ಬಿಡದೆ ಕಾಪಾಡಿಕೊಂಡು ಕಾಯುವವರಿಗೆ ಹಳೆಯದು ತಾನಾಗಿಯೇ ಕಳಚುತ್ತದೆ.